ಆದೇಶ ಇಳಿದು ಬಂದ ದಾರಿ: ಯಹೂದಿಗಳ ನರಮೇಧದಲ್ಲಿ ನಾಯಕರು, ಅಧಿಕಾರಿಗಳು, ಹಂತಕರು

ಯಹೂದಿಗಳ ನರಮೇಧದ ಬಗ್ಗೆ ಎಲ್ಲಿ ಮಾತಾಡಿದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. 60 ಲಕ್ಷ ಜನರನ್ನು ಕೊಲ್ಲಿ ಎಂದು ಹಿಟ್ಲರ್ ಸಹಿ ಹಾಕಿದ ಕಾಗದ ಎಲ್ಲಿದೆ? ಅಂಥ ಕಾಗದ ಸಿಕ್ಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನರಮೇಧವೇ ಸುಳ್ಳು ಎಂದು ವಾದಿಸುವವರು ಮೊದಲು ಕೈಹಾಕುವುದು ಇಲ್ಲಿಗೇ. ಆದರೆ ಹಿಟ್ಲರ್ ಸಹಿ ಇರುವ ಬೇರೊಂದು ಕೊಲೆಯ ಕಾಗದ ನಮ್ಮ ಬಳಿ ಇದೆ. ಅದರ ಕಥೆ ತಿಳಿದರೆ ಎರಡನೆಯ ಕಾಗದ ಯಾಕೆ ಹುಟ್ಟಲಿಲ್ಲ ಎನ್ನುವುದು ತಿಳಿಯುತ್ತದೆ.

1939ರ ಅಕ್ಟೋಬರ್‌ನಲ್ಲಿ ಹಿಟ್ಲರ್ ತನ್ನ ಖಾಸಗಿ ಲೆಟರ್‌ಹೆಡ್ಡಿನ ಮೇಲೆ ಒಂದೇ ವಾಕ್ಯದ ಪತ್ರಕ್ಕೆ ಸಹಿ ಹಾಕಿದ. ದಿನಾಂಕ ಮಾತ್ರ ಯುದ್ಧ ಶುರುವಾದ ಸೆಪ್ಟೆಂಬರ್ 1ರದ್ದು. ಗುಣವಾಗದ ರೋಗಿಗಳಿಗೆ 'ದಯಾಮರಣ' ಕೊಡುವ ಅಧಿಕಾರವನ್ನು ವೈದ್ಯರಿಗೆ ವಹಿಸಲು ಫಿಲಿಪ್ ಬೂಲರ್ ಮತ್ತು ಡಾ. ಕಾರ್ಲ್ ಬ್ರಾಂಟ್ ಎಂಬಿಬ್ಬರಿಗೆ ಅದರಲ್ಲಿ ಅನುಮತಿಯಿತ್ತು. ಕಚೇರಿ ಬರ್ಲಿನ್ನಿನ ಟಿಯರ್‌ಗಾರ್ಟನ್ ಬೀದಿಯ 4ನೇ ನಂಬರಿನ ಮನೆ. ಹಾಗಾಗಿ ಆ ಕಾರ್ಯಕ್ರಮಕ್ಕೆ ಟಿ4 ಎಂದೇ ಹೆಸರು ಬಿತ್ತು. ಮಾನಸಿಕ ಅಸ್ವಸ್ಥರನ್ನೂ ಅಂಗವಿಕಲರನ್ನೂ ಕಾರ್ಬನ್ ಮಾನಾಕ್ಸೈಡ್ ಕೋಣೆಗಳಲ್ಲಿ ಕೊಂದರು. 1941ರ ಆಗಸ್ಟ್ ಹೊತ್ತಿಗೆ ಸುಮಾರು 70,000 ಜನ ಸತ್ತಿದ್ದರು. ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಒಂದೇ ಆಸ್ಪತ್ರೆಯಿಂದ ಒಂದೇ ಧಾಟಿಯ ಮರಣಪತ್ರಗಳು ಮನೆಮನೆಗೆ ಬಂದವು, ಊರವರು ಚಿಮಣಿಯ ಹೊಗೆ ನೋಡಿದರು. ಆಗಸ್ಟ್ 3ರಂದು ಮ್ಯುನ್‌ಸ್ಟರ್‌ನ ಬಿಷಪ್ ಗಾಲೆನ್ ಚರ್ಚಿನ ವೇದಿಕೆಯಿಂದಲೇ ಇದನ್ನು ಕೊಲೆ ಎಂದು ಕರೆದ. ಮೂರು ವಾರದಲ್ಲಿ ಹಿಟ್ಲರ್ ಗ್ಯಾಸ್ ಕೋಣೆಗಳನ್ನು ನಿಲ್ಲಿಸಿದ. ಆಮೇಲೆ ಉಪವಾಸ ಕೆಡವಿ, ಚುಚ್ಚುಮದ್ದು ಕೊಟ್ಟು ಕೊಲ್ಲುವುದು ಸದ್ದಿಲ್ಲದೆ ಮುಂದುವರಿಯಿತು, ಅದು ಬೇರೆ ಮಾತು. ಸಹಿ ಇರುವ ಕಾಗದ ತಿರುಗಿ ಸಹಿ ಹಾಕಿದವನ ಮನೆಬಾಗಿಲಿಗೇ ಬರುತ್ತದೆ ಎನ್ನುವುದನ್ನು ಆ ಎರಡು ವರ್ಷಗಳಲ್ಲಿ ಅವನು ಕಂಡುಕೊಂಡಿದ್ದ ಎಂದು ನಾನು ಓದುತ್ತೇನೆ.

ಹಾಗಾದರೆ ಯಹೂದಿಗಳ ವಿಷಯದಲ್ಲಿ ಆದೇಶ ಹೇಗೆ ಇಳಿಯಿತು? ಬಾಯಿಂದ ಬಾಯಿಗೆ. ಅದರ ಹೆಜ್ಜೆಗುರುತನ್ನು ತಾರೀಖಿನ ಸಮೇತ ಹಿಡಿಯಬಹುದು. 1941ರ ಡಿಸೆಂಬರ್ 12ರಂದು ಹಿಟ್ಲರ್ ಪಕ್ಷದ ಪ್ರಾಂತೀಯ ಮುಖ್ಯಸ್ಥರನ್ನೆಲ್ಲ ಬರ್ಲಿನ್ನಿನಲ್ಲಿ ಸೇರಿಸಿ ಮಾತಾಡಿದ. ಮಾರನೆಯ ದಿನ ಪ್ರಚಾರ ಮಂತ್ರಿ ಗೊಬೆಲ್ಸ್ ಡೈರಿಯಲ್ಲಿ ಬರೆದ: ಯಹೂದಿಗಳ ವಿಷಯದಲ್ಲಿ ಸ್ವಚ್ಛ ಮಾಡಿಬಿಡಲು ನಾಯಕ ತೀರ್ಮಾನಿಸಿದ್ದಾನೆ, ಇದರಲ್ಲಿ ಕನಿಕರಕ್ಕೆ ಜಾಗವಿಲ್ಲ. 16ನೇ ತಾರೀಖು ಆಕ್ರಮಿತ ಪೋಲೆಂಡಿನ ಗವರ್ನರ್ ಹಾನ್ಸ್ ಫ್ರಾಂಕ್ ಕ್ರಾಕೋವ್‌ಗೆ ಮರಳಿ ತನ್ನ ಅಧಿಕಾರಿಗಳ ಸಭೆ ಕರೆದ. ಯಹೂದಿಗಳನ್ನು ಪೂರ್ವಕ್ಕೆ ಸಾಗಿಸುವುದೆಲ್ಲ ಯಾಕೆ, ನೀವೇ ಮುಗಿಸಿ ಎಂದು ಬರ್ಲಿನ್ನಿನಲ್ಲಿ ಹೇಳಿದರು ಎಂದು ಅವರಿಗೆ ತಿಳಿಸಿದ. ಇಷ್ಟು ಜನರನ್ನು ಗುಂಡಿಕ್ಕಿಯೂ ವಿಷ ಹಾಕಿಯೂ ಕೊಲ್ಲಲಾಗದು, ಆದರೂ ದಾರಿ ಹುಡುಕಬೇಕು ಎಂದ. 18ನೇ ತಾರೀಖು ನಾಜಿ ಪಕ್ಷದ ಎಸ್‌ಎಸ್ ಎಂಬ ಸಶಸ್ತ್ರ ದಳದ ಮುಖ್ಯಸ್ಥ ಹಿಮ್ಲರ್ ಹಿಟ್ಲರನನ್ನು ಕಂಡು ಬಂದು ತನ್ನ ದಿನಚರಿ ಪುಸ್ತಕದಲ್ಲಿ ಗುರುತು ಹಾಕಿಕೊಂಡ: ಯಹೂದಿ ಪ್ರಶ್ನೆ, ಗೆರಿಲ್ಲಾಗಳೆಂದು ನಿರ್ನಾಮ ಮಾಡುವುದು. ಒಂದೇ ವಾರದಲ್ಲಿ ಮೂವರ ಟಿಪ್ಪಣಿ, ದಾಖಲೆಗಳು. ಯಾವುದರಲ್ಲೂ ಹಿಟ್ಲರನ ಸಹಿ ಇಲ್ಲ, ಎಲ್ಲದರಲ್ಲೂ ಅವನ ಇಚ್ಛೆ ಇದೆ.

ಇಲ್ಲೊಂದು ಎಚ್ಚರ ಬೇಕು. ಡಿಸೆಂಬರ್‌ನಲ್ಲಿ ಕೊಲೆ ಶುರುವಾಯಿತು ಎಂದು ತಿಳಿಯಬೇಡಿ. ಜೂನ್ 22ರಂದು ಸೋವಿಯತ್ ಒಕ್ಕೂಟದ ಮೇಲೆ ದಾಳಿಯಾದ ದಿನದಿಂದಲೇ ಸೈನ್ಯದ ಬೆನ್ನಿಗೆ ಐನ್‌ಸಾಟ್ಸ್‌ಗ್ರುಪೆನ್ ಎಂಬ ನಾಲ್ಕು ಪಡೆಗಳು ಹೊರಟಿದ್ದವು. ಒಟ್ಟು ಸುಮಾರು 3,000 ಜನ. ಆರಂಭದಲ್ಲಿ ಗಂಡಸರನ್ನು ಗುಂಡಿಕ್ಕುತ್ತಿದ್ದವರು ಆಗಸ್ಟ್ ಹೊತ್ತಿಗೆ ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಈ ಪಡೆಗಳೂ ಪೊಲೀಸ್ ಬೆಟಾಲಿಯನ್‌ಗಳೂ ಸ್ಥಳೀಯ ಸಹಾಯಕರೂ ಸೇರಿ ಕೊಂದವರ ಸಂಖ್ಯೆ ಐದು ಲಕ್ಷ ದಾಟಿತ್ತು. ಇವರನ್ನು ನಡೆಸಿದವರು ಯಾರು? ಬೀದಿಯ ರೌಡಿಗಳಲ್ಲ. 'ಡಿ' ಪಡೆಯ ಓಟೊ ಓಲೆನ್‌ಡಾರ್ಫ್ ಕಾನೂನು, ಅರ್ಥಶಾಸ್ತ್ರ ಓದಿದವನು. 'ಸಿ' ಪಡೆಯ ಓಟೊ ರಾಶ್‌ಗೆ ಎರಡು ಡಾಕ್ಟರೇಟ್ ಇದ್ದವು. ಕೀವ್ ನಗರದ ಬಾಬಿ ಯಾರ್ ಕಮರಿಯಲ್ಲಿ ಸೆಪ್ಟೆಂಬರ್ 29 ಮತ್ತು 30ರಂದು 33,771 ಜನರನ್ನು ಕೊಂದದ್ದು ಅವನ ಅಧೀನದ ತುಕಡಿ.

ಲಿಥುವೇನಿಯಾದಲ್ಲಿದ್ದ ಒಂದು ತುಕಡಿಯ ಮುಖ್ಯಸ್ಥ ಕಾರ್ಲ್ ಯೇಗರ್. ಅವನು 1941ರ ಡಿಸೆಂಬರ್ 1ರಂದು ಮೇಲಧಿಕಾರಿಗೆ ಕಳಿಸಿದ ವರದಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಹುಪಾಲು ಅದೊಂದು ಕೋಷ್ಟಕ. ತಾರೀಖು, ಊರು, ಗಂಡಸರು, ಹೆಂಗಸರು, ಮಕ್ಕಳು, ಒಟ್ಟು. ಅಕ್ಟೋಬರ್ 29ರ ಸಾಲು ಹೀಗಿದೆ: ಕೌನಾಸ್, 9ನೇ ಕೋಟೆ, ಗಂಡಸರು 2,007, ಹೆಂಗಸರು 2,920, ಮಕ್ಕಳು 4,273, ಒಟ್ಟು 9,200. ಪಕ್ಕದಲ್ಲಿ ಕಾರಣ: ಘೆಟ್ಟೊದಲ್ಲಿ (ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ) ಹೆಚ್ಚಾಗಿದ್ದವರನ್ನು ತೆರವು ಮಾಡಿದ್ದು. ಕೊನೆಯ ಮೊತ್ತ 1,37,346.

ಕೋಷ್ಟಕದ ನಂತರ ಯೇಗರ್ ಕೆಲಸದ ವಿಧಾನ ವಿವರಿಸುತ್ತಾನೆ. ಒಂದೊಂದು ಜಿಲ್ಲೆಯ ಯಹೂದಿಗಳನ್ನು ಒಂದು ಕಡೆ ಕೂಡಿಹಾಕಬೇಕು. ಸಂಖ್ಯೆಗೆ ತಕ್ಕಂತೆ ಜಾಗ ಹುಡುಕಿ ಹಳ್ಳ ತೋಡಿಸಬೇಕು. ಕೂಡಿಹಾಕಿದ ಜಾಗದಿಂದ ಹಳ್ಳಕ್ಕೆ ಸರಾಸರಿ ನಾಲ್ಕೈದು ಕಿಲೋಮೀಟರ್ ನಡಿಗೆ. ರೊಕಿಶ್ಕಿಸ್ ಎಂಬ ಊರಿನಲ್ಲಿ 3,208 ಜನರನ್ನು ನಾಲ್ಕೂವರೆ ಕಿಲೋಮೀಟರ್ ಸಾಗಿಸಬೇಕಾಯಿತು, 24 ಗಂಟೆಯಲ್ಲಿ ಮುಗಿಸಬೇಕೆಂದರೆ ಲಭ್ಯವಿದ್ದ 80 ಲಿಥುವೇನಿಯನ್ನರಲ್ಲಿ 60ಕ್ಕೂ ಹೆಚ್ಚು ಜನರನ್ನು ಸಾಗಣೆಗೂ ಕಾವಲಿಗೂ ಹಾಕಬೇಕಾಯಿತು ಎಂದು ಬರೆಯುತ್ತಾನೆ. ಊರೂರು ಸುತ್ತಿದ ಸಂಚಾರಿ ದಳದಲ್ಲಿ ಅವನ ಸ್ವಂತ ಜನ ಎಂಟರಿಂದ ಹತ್ತು ಮಂದಿ ಮಾತ್ರ. ಈ ಲೆಕ್ಕವನ್ನು ಮನಸ್ಸಿಟ್ಟು ನೋಡಿ. ಹತ್ತು ಜನ ಜರ್ಮನ್ನರು ಒಂದು ದೇಶದ ಹಳ್ಳಿಹಳ್ಳಿಯ ಯಹೂದಿಗಳನ್ನು ಅಳಿಸಬಲ್ಲವರಾದದ್ದು ಸ್ಥಳೀಯರು ದಾರಿ ತೋರಿ, ಕಾವಲು ನಿಂತು, ಬಂದೂಕು ಹಿಡಿದದ್ದರಿಂದ. ವರದಿಯಲ್ಲಿ ಯೇಗರ್‌ನ ದೂರು ಒಂದೇ: ದುಡಿಯುವ ಯಹೂದಿಗಳನ್ನೂ ಅವರ ಕುಟುಂಬಗಳನ್ನೂ ಮುಗಿಸಬೇಕೆಂದಿದ್ದೆ, ಅಲ್ಲಿನ ನಾಗರಿಕ ಆಡಳಿತವೂ ಸೈನ್ಯವೂ ಬಿಡಲಿಲ್ಲ. ಮೇಲಿನವರು ತಳ್ಳಿದ್ದರಿಂದ ಕೆಳಗಿನವರು ಕೊಂದರು ಎನ್ನುವ ಸರಳ ಚಿತ್ರ ಈ ಒಂದು ದೂರಿನ ಮುಂದೆ ನಿಲ್ಲುವುದಿಲ್ಲ. ಯುದ್ಧ ಮುಗಿದ ಮೇಲೆ ಅವನು ತನ್ನ ಸ್ವಂತ ಹೆಸರಿನಲ್ಲೇ ಜರ್ಮನಿಯಲ್ಲಿ ಬದುಕಿದ್ದ. 1959ರಲ್ಲಿ ಬಂಧನವಾಯಿತು, ವಿಚಾರಣೆಗೆ ಮುಂಚೆ ಸೆರೆಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಕೆಳಗಿನವರು ಮೇಲಿನವರಿಗಿಂತ ಮುಂದೆ ಓಡಿದ್ದಕ್ಕೆ ಇನ್ನೊಂದು ಉದಾಹರಣೆ ಲಾಟ್ವಿಯಾದ ರೀಗಾ ನಗರ. ನವೆಂಬರ್ 30ರಂದು ಆ ಪ್ರದೇಶದ ಎಸ್‌ಎಸ್ ಮುಖ್ಯಸ್ಥ ಫ್ರೀಡ್ರಿಖ್ ಯೆಕೆಲ್ನ್ ರುಂಬುಲಾ ಕಾಡಿನಲ್ಲಿ ಘೆಟ್ಟೊದ ಜನರನ್ನು ಕೊಲ್ಲಿಸಿದ. ಅಂದು ಮತ್ತು ಡಿಸೆಂಬರ್ 8ರಂದು ಸೇರಿ ಸುಮಾರು 25,000. ನವೆಂಬರ್ 30ರ ಬೆಳಿಗ್ಗೆಯೇ ಬರ್ಲಿನ್ನಿನಿಂದ ಸುಮಾರು 1,000 ಯಹೂದಿಗಳ ರೈಲು ಬಂದಿತ್ತು. ಅವರನ್ನೂ ಕೊಂದರು. ಅಂದು ಹಿಮ್ಲರ್ ತನ್ನ ಕೆಳಗಿನ ಭದ್ರತಾ ಪೊಲೀಸ್ ಇಲಾಖೆಯ ಮುಖ್ಯಸ್ಥ ಹೈಡ್ರಿಖ್‌ಗೆ ಫೋನ್ ಮಾಡಿ, ಬರ್ಲಿನ್ನಿನ ಆ ರೈಲನ್ನು ಕೊಲ್ಲಬೇಡಿ ಎಂದ, ಅಷ್ಟರಲ್ಲಿ ತಡವಾಗಿತ್ತು. ಜರ್ಮನಿಯ ಯಹೂದಿಗಳ ವಿಷಯದಲ್ಲಿ ತನ್ನ ಸೂಚನೆ ಮೀರಿದ್ದಕ್ಕೆ ಯೆಕೆಲ್ನ್‌ಗೆ ಎಚ್ಚರಿಕೆಯ ತಂತಿ ಹೋಯಿತು. ಶಿಕ್ಷೆ ಏನೂ ಆಗಲಿಲ್ಲ. ಮಾತು ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳಬೇಕು: ಫೋನಿನ ಈ ಒಂದು ಸಾಲಿನ ಟಿಪ್ಪಣಿಯನ್ನೇ ಹಿಡಿದು ಡೇವಿಡ್ ಇರ್ವಿಂಗ್ ಎಂಬ ಬ್ರಿಟಿಷ್ ಲೇಖಕ, ಹಿಟ್ಲರ್ ಯಹೂದಿಗಳನ್ನು ಕೊಲ್ಲಬಾರದೆಂದು ಆಜ್ಞೆ ಮಾಡಿದ್ದ ಎಂದು ಬರೆದ. ಒಂದು ರೈಲಿನ ಮಾತನ್ನು ಒಂದು ಜನಾಂಗದ ಮಾತು ಮಾಡಿದ. 2000ದ ಏಪ್ರಿಲ್‌ನಲ್ಲಿ ಲಂಡನ್ನಿನ ನ್ಯಾಯಾಲಯ ಅವನು ಪುರಾವೆಗಳನ್ನು ಬೇಕೆಂದೇ ತಿರುಚಿದ್ದಾನೆ ಎಂದು ತೀರ್ಪು ಕೊಟ್ಟಿತು.

ಇನ್ನು ಬಂದೂಕು ಹಿಡಿದ ಸಾಮಾನ್ಯನ ವಿಷಯ. ಒಪ್ಪದಿದ್ದರೆ ಅವನನ್ನೇ ಕೊಲ್ಲುತ್ತಿದ್ದರಲ್ಲವೇ ಎಂದು ನೀವು ಕೇಳಬಹುದು. ಯುದ್ಧಾನಂತರದ ವಿಚಾರಣೆಗಳಲ್ಲಿ ನೂರಾರು ಆರೋಪಿಗಳು ಹೇಳಿದ್ದೂ ಇದನ್ನೇ. 1958ರಲ್ಲಿ ಲುಡ್ವಿಗ್ಸ್‌ಬುರ್ಗ್‌ನಲ್ಲಿ ನಾಜಿ ಅಪರಾಧಗಳ ತನಿಖೆಗೆ ಕೇಂದ್ರ ಕಚೇರಿ ತೆರೆದ ಮೇಲೆ ಅಭಿಯೋಜಕರು ಈ ವಾದವನ್ನು ಒಂದೊಂದು ಪ್ರಕರಣದಲ್ಲೂ ಪರೀಕ್ಷಿಸಿದರು. ನಿರಾಯುಧ ನಾಗರಿಕರನ್ನು ಕೊಲ್ಲಲು ಒಲ್ಲೆ ಎಂದದ್ದಕ್ಕೆ ಯಾರನ್ನಾದರೂ ಗುಂಡಿಕ್ಕಿದ್ದಾರೆ ಎನ್ನುವ ಒಂದು ಪ್ರಕರಣವನ್ನೂ ಆರೋಪಿಗಳ ವಕೀಲರು ಸಾಬೀತು ಮಾಡಲಾಗಲಿಲ್ಲ. ವರ್ಗಾವಣೆ ಆಯಿತು, ಬಡ್ತಿ ತಪ್ಪಿತು, ಹೇಡಿ ಎಂಬ ಬೈಗುಳ ಬಿತ್ತು.

ಹ್ಯಾಂಬರ್ಗಿನ 101ನೇ ಮೀಸಲು ಪೊಲೀಸ್ ಬೆಟಾಲಿಯನ್ನಿನ ಪ್ರಸಂಗ ಇದಕ್ಕೆ ಬೆಳಕು ಕೊಡುತ್ತದೆ. ಸುಮಾರು 500 ಜನ, ಹೆಚ್ಚಿನವರು ನಡುವಯಸ್ಸಿನ ದುಡಿಮೆಗಾರರು, ಹೆಂಡಿರು ಮಕ್ಕಳಿದ್ದವರು. 1942ರ ಜುಲೈ 13ರ ಬೆಳಗಿನ ಜಾವ ಪೋಲೆಂಡಿನ ಯೋಜೆಫೂವ್ ಎಂಬ ಹಳ್ಳಿಯ ಹೊರಗೆ ಮೇಜರ್ ವಿಲ್ಹೆಲ್ಮ್ ಟ್ರಾಪ್ ಕಣ್ಣೀರು ಹಾಕುತ್ತ ಕೆಲಸ ಏನೆಂದು ವಿವರಿಸಿದ. ಹಳ್ಳಿಯ ಯಹೂದಿಗಳಲ್ಲಿ ದುಡಿಯಬಲ್ಲ ಗಂಡಸರನ್ನು ಬೇರ್ಪಡಿಸಿ ಉಳಿದವರನ್ನು ಕಾಡಿನಲ್ಲಿ ಗುಂಡಿಕ್ಕಬೇಕು. ಹಿರಿಯ ವಯಸ್ಸಿನವರಲ್ಲಿ ಯಾರಿಗಾದರೂ ಆಗದಿದ್ದರೆ ಈಗಲೇ ಮುಂದೆ ಬನ್ನಿ, ಬಿಡುತ್ತೇನೆ ಎಂದ. ಮುಂದೆ ಬಂದವರು ಹನ್ನೆರಡು ಜನರ ಆಸುಪಾಸು. ಅವರಿಂದ ಬಂದೂಕು ತೆಗೆದುಕೊಂಡು ಬೇರೆ ಕೆಲಸ ಹಚ್ಚಿದರು, ಅಷ್ಟೆ. ಕೊಲೆಯ ನಡುವೆ ಇನ್ನೂ ಕೆಲವರು ಬೇರೆ ಕೆಲಸ ಕೇಳಿಕೊಂಡರು, ಕೆಲವರು ಮರಗಳ ಮರೆಗೆ ಸರಿದರು. ಉಳಿದವರು ಸಂಜೆಯ ಹೊತ್ತಿಗೆ ಸುಮಾರು 1,500 ಜನರನ್ನು ಕೊಂದರು. ಅಂದು ಅತ್ತವರು, ವಾಂತಿ ಮಾಡಿಕೊಂಡವರು, ರಾತ್ರಿ ಹೆಂಡ ಕುಡಿದು ಮಲಗಿದವರು ಇದ್ದರು. ಆದರೆ ಕೆಲವೇ ತಿಂಗಳಲ್ಲಿ ಅದೇ ಬೆಟಾಲಿಯನ್ ಇದನ್ನು ದಿನದ ಕೆಲಸದಂತೆ ಮಾಡತೊಡಗಿತು. ಯುದ್ಧ ಮುಗಿಯುವಷ್ಟರಲ್ಲಿ ಅವರು ಗುಂಡಿಕ್ಕಿದವರು ಕನಿಷ್ಠ 38,000, ಟ್ರೆಬ್ಲಿಂಕಾ ಎಂಬ ಕೊಲೆ ಶಿಬಿರದ ರೈಲಿಗೆ ತುಂಬಿದವರು 45,000. ಸಹೋದ್ಯೋಗಿಗಳ ಮುಂದೆ ಕೈಲಾಗದವನು ಎನಿಸಿಕೊಳ್ಳುವ ನಾಚಿಕೆ, ಕಷ್ಟದ ಕೆಲಸವನ್ನು ಅವರ ತಲೆಗೆ ಕಟ್ಟಿ ತಾನು ತಪ್ಪಿಸಿಕೊಂಡೆ ಎನ್ನುವ ಭಾವ, ಇವು ವರ್ಷಗಳ ನಂತರ ಅವರ ಹೇಳಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಯಹೂದಿಗಳ ಬಗ್ಗೆ ಇದ್ದ ದ್ವೇಷವನ್ನು ಮಾತ್ರ ಅವರು ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೆ ಕೊಲೆಯ ಉದ್ದೇಶ ಸಾಬೀತಾಗಿ ಶಿಕ್ಷೆ ಹೆಚ್ಚುತ್ತಿತ್ತು. ಆ ಹೇಳಿಕೆಗಳನ್ನು ಓದುವಾಗ ಇದನ್ನು ಮರೆಯಬಾರದು.

ಕೊಲ್ಲುವವರ ಮನಸ್ಸಿಗೆ ಆಗುವ ಭಾರ ನಾಯಕರಿಗೂ ಚಿಂತೆಯ ವಿಷಯವಾಗಿತ್ತು. ಸಾಯುವವರದ್ದಲ್ಲ, ಕೊಲ್ಲುವವರದ್ದು. 1941ರ ಆಗಸ್ಟ್ 15ರಂದು ಮಿನ್ಸ್ಕ್ ಬಳಿ ಹಿಮ್ಲರ್ ಸ್ವತಃ ನಿಂತು ಒಂದು ಗುಂಡಿಕ್ಕುವಿಕೆ ನೋಡಿದ. ಆಮೇಲೆ ಬೇರೆ ವಿಧಾನಗಳ ಹುಡುಕಾಟ ಬಿರುಸಾಯಿತು. ಟಿ4 ನಿಂತಿದ್ದರಿಂದ ಗ್ಯಾಸ್ ಕೋಣೆ ಕಟ್ಟಿ ನಡೆಸಿ ಗೊತ್ತಿದ್ದ ಜನ ಖಾಲಿ ಕೂತಿದ್ದರು. ಅವರಲ್ಲಿ ನೂರರಷ್ಟು ಮಂದಿಯನ್ನು ಪೋಲೆಂಡಿನ ಲುಬ್ಲಿನ್‌ನ ಎಸ್‌ಎಸ್ ಮುಖ್ಯಸ್ಥ ಓಡಿಲೊ ಗ್ಲೊಬೊಚ್ನಿಕ್ ಕೈಕೆಳಗೆ ಕಳಿಸಿದರು. ಬೆಲ್ಜೆಕ್, ಸೊಬಿಬೋರ್, ಟ್ರೆಬ್ಲಿಂಕಾ ಶಿಬಿರಗಳು ಎದ್ದದ್ದು ಹಾಗೆ. ಒಂದೊಂದರಲ್ಲಿ ಇಪ್ಪತ್ತು ಮೂವತ್ತು ಜರ್ಮನ್ನರು, ನೂರು ಚಿಲ್ಲರೆ ಕಾವಲಿನವರು, ಒಂದು ದೊಡ್ಡ ಎಂಜಿನ್ನಿನ ಹೊಗೆ. ಮೂರೂ ಸೇರಿ ಕೊಂದದ್ದು ಸುಮಾರು 17 ಲಕ್ಷ.

ಈಗ ಮೇಜಿನ ಹಿಂದೆ ಕೂತವರ ಕಡೆ ತಿರುಗೋಣ. 1942ರ ಜನವರಿ 20ರಂದು ಬರ್ಲಿನ್ನಿನ ವಾನ್‌ಸೇ ಕೆರೆಯ ದಂಡೆಯ ಬಂಗಲೆಯಲ್ಲಿ ಹೈಡ್ರಿಖ್ ಕರೆದ ಸಭೆಯಲ್ಲೇ ನರಮೇಧ ತೀರ್ಮಾನವಾಯಿತು ಎಂದು ಅನೇಕರು ಬರೆಯುತ್ತಾರೆ. ಅದು ಸರಿಯಲ್ಲ. ಅಷ್ಟರಲ್ಲಿ ಪೋಲೆಂಡಿನ ಚೆಲ್ಮ್ನೊ ಶಿಬಿರದಲ್ಲಿ ಗ್ಯಾಸ್ ವ್ಯಾನುಗಳು ಆರು ವಾರದಿಂದ ಓಡುತ್ತಿದ್ದವು, ಬೆಲ್ಜೆಕ್‌ನ ಕಟ್ಟಡ ಏಳುತ್ತಿತ್ತು. ಹೈಡ್ರಿಖ್‌ಗೆ ಬೇಕಾಗಿದ್ದದ್ದು ಸಚಿವಾಲಯಗಳ ಸಮ್ಮತಿ ಮತ್ತು ಈ ವಿಷಯದಲ್ಲಿ ತಾನೇ ಮುಖ್ಯಸ್ಥ ಎನ್ನುವ ಒಪ್ಪಿಗೆ. ಹದಿನೈದು ಜನ, ಅವರಲ್ಲಿ ಎಂಟು ಮಂದಿ ಡಾಕ್ಟರೇಟ್ ಪಡೆದವರು, ಸುಮಾರು ಒಂದೂವರೆ ಗಂಟೆಯ ಸಭೆ. ಕಾನೂನು, ಗೃಹ, ವಿದೇಶಾಂಗ ಖಾತೆಗಳ ಹಿರಿಯ ಅಧಿಕಾರಿಗಳು ಬಂದಿದ್ದರು. ದೇಶವಾರು ಪಟ್ಟಿಯಲ್ಲಿ 1.1 ಕೋಟಿ ಯಹೂದಿಗಳ ಲೆಕ್ಕವಿತ್ತು. ಜರ್ಮನಿಯ ಕೈಗೆ ಸಿಗದ ಇಂಗ್ಲೆಂಡಿನವರನ್ನೂ ಸೇರಿಸಿದ್ದರು. ಎಸ್ಟೋನಿಯಾದ ಮುಂದೆ 'ಯಹೂದಿಮುಕ್ತ' ಎಂದು ಬರೆದಿತ್ತು. ಯಾರೂ ಆಕ್ಷೇಪ ಎತ್ತಲಿಲ್ಲ. ಬಹಳ ಹೊತ್ತು ಚರ್ಚೆಯಾದದ್ದು ತಂದೆ ತಾಯಿಯಲ್ಲಿ ಒಬ್ಬರು ಮಾತ್ರ ಯಹೂದಿ ಮೂಲದವರಾದ ಮಿಶ್ರ ಸಂತಾನದವರನ್ನು ಏನು ಮಾಡುವುದು ಎಂದು. ಫ್ರಾಂಕ್ ಕಳಿಸಿದ್ದ ಯೋಸೆಫ್ ಬ್ಯುಲರ್, ನಮ್ಮ ಪೋಲೆಂಡಿನಿಂದಲೇ ಶುರು ಮಾಡಿ ಎಂದು ಕೇಳಿಕೊಂಡ. ಡಿಸೆಂಬರ್ 16ರ ಕ್ರಾಕೋವ್ ಸಭೆಯ ಮಾತು ಇಲ್ಲಿಗೆ ಬಂದು ಕೂಡಿತು.

ನಡಾವಳಿ ಬರೆದವನು ಹೈಡ್ರಿಖ್ ಇಲಾಖೆಯಲ್ಲಿ ಯಹೂದಿಗಳ ಗಡೀಪಾರು ನೋಡಿಕೊಳ್ಳುತ್ತಿದ್ದ ಅಡಾಲ್ಫ್ ಐಖ್‌ಮನ್. ಸಭೆಯಲ್ಲಿ ಕೊಲ್ಲುವ ಮಾತು ಬಿಚ್ಚುಬಿಚ್ಚಾಗಿಯೇ ನಡೆದಿತ್ತು, ನಡಾವಳಿಗೆ ಕಚೇರಿ ಭಾಷೆ ಕೊಟ್ಟದ್ದು ನಾನು ಎಂದು ಜೆರುಸಲೆಮ್ಮಿನ ಕಟಕಟೆಯಲ್ಲಿ ಅವನೇ ಒಪ್ಪಿಕೊಂಡ. ಮೂವತ್ತು ಪ್ರತಿ ಮಾಡಿಸಿದ್ದರು. ಉಳಿದದ್ದು ವಿದೇಶಾಂಗ ಖಾತೆಯ ಕಡತದಲ್ಲಿದ್ದ 16ನೇ ಪ್ರತಿ ಮಾತ್ರ, 1947ರಲ್ಲಿ ಸಿಕ್ಕಿತು.

ಆದೇಶ ಇನ್ನೂ ಕೆಳಗೆ ಇಳಿದಾಗ ಅದು ಟಿಕೆಟ್ಟು, ವೇಳಾಪಟ್ಟಿ, ಫಾರಂ ಆಗುತ್ತದೆ. ಜರ್ಮನ್ ರೈಲ್ವೆ ಯಹೂದಿಗಳನ್ನು ಪ್ರಯಾಣಿಕರೆಂದೇ ಲೆಕ್ಕ ಹಾಕಿ ಬಿಲ್ ಮಾಡುತ್ತಿತ್ತು. ಮೂರನೇ ದರ್ಜೆ, ಒಮ್ಮುಖ ಪ್ರಯಾಣ, ಕಿಲೋಮೀಟರಿಗೆ 4 ಫೆನಿಗ್. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ, ನಾಲ್ಕು ವರ್ಷದೊಳಗಿನವರಿಗೆ ಉಚಿತ. 400 ಜನ ಮೀರಿದರೆ ಗುಂಪಿನ ರಿಯಾಯಿತಿ. ಕಾವಲುಗಾರರಿಗೆ ಮಾತ್ರ ಹೋಗಿಬರುವ ಟಿಕೆಟ್. ಪ್ರಯಾಣ ಗೂಡ್ಸ್ ಡಬ್ಬಿಯಲ್ಲಿ. ಬಿಲ್ ಹೈಡ್ರಿಖ್ ಇಲಾಖೆಗೆ ಹೋಗುತ್ತಿತ್ತು. 1942ರ ಜುಲೈ 28ರಂದು ರೈಲ್ವೆಯ ಕಾರ್ಯದರ್ಶಿ ಆಲ್ಬರ್ಟ್ ಗಾನ್ಸೆನ್‌ಮ್ಯುಲರ್ ಹಿಮ್ಲರ್ ಕಚೇರಿಗೆ ಬರೆದ: 22ನೇ ತಾರೀಖಿನಿಂದ ವಾರ್ಸಾದಿಂದ ಟ್ರೆಬ್ಲಿಂಕಾಕ್ಕೆ ದಿನಕ್ಕೊಂದು ರೈಲು, ತಲಾ 5,000 ಯಹೂದಿಗಳು. ಹಿಮ್ಲರನ ಆಪ್ತ ಕಾರ್ಲ್ ವೋಲ್ಫ್ ವಿಶೇಷ ಸಂತೋಷವಾಯಿತೆಂದು ಮರುಪತ್ರ ಬರೆದ. ಸೆಪ್ಟೆಂಬರ್ ಮುಗಿಯುವ ಮೊದಲೇ ವಾರ್ಸಾ ಘೆಟ್ಟೊದ ಸುಮಾರು 2,65,000 ಜನ ಆ ಹಳಿಯ ಮೇಲೆ ಹೋಗಿದ್ದರು.

ಆಸ್ತಿಯ ಕೆಲಸ ಹಣಕಾಸು ಇಲಾಖೆಯದ್ದು. ಗಡೀಪಾರಿಗೆ ಮುಂಚೆ ಜರ್ಮನಿಯ ಯಹೂದಿಗಳಿಂದ 16 ಪುಟದ ಆಸ್ತಿ ಘೋಷಣೆ ಬರೆಸಿಕೊಳ್ಳುತ್ತಿದ್ದರು, ಬಟ್ಟೆಬರೆ ಪಾತ್ರೆ ಪಡಗದವರೆಗೆ. 1941ರ ನವೆಂಬರ್ 25ರ ನಿಯಮದ ಪ್ರಕಾರ ವಿದೇಶದಲ್ಲಿ ನೆಲೆಸಿದ ಯಹೂದಿ ಪೌರತ್ವವನ್ನೂ ಆಸ್ತಿಯನ್ನೂ ಕಳೆದುಕೊಳ್ಳುತ್ತಾನೆ. ಸರ್ಕಾರವೇ ರೈಲಿಗೆ ತುಂಬಿ ಗಡಿ ದಾಟಿಸಿದರೂ ಅದು 'ವಿದೇಶದಲ್ಲಿ ನೆಲೆಸುವುದೇ'. ಜೆಕ್ ನಾಡಿನ ಟೆರೆಜಿನ್ ಘೆಟ್ಟೊಗೆ ಕಳಿಸುವಾಗ ತೊಡಕಾಯಿತು, ಅದು ಕಾನೂನಿನ ಪ್ರಕಾರ ವಿದೇಶವಲ್ಲ. ಆಗ ದೇಶವೈರಿಗಳ ಆಸ್ತಿ ಮುಟ್ಟುಗೋಲಿನ ಬೇರೆ ಕಾನೂನು ಹಚ್ಚಿದರು. ಒಬ್ಬ ಗುಮಾಸ್ತ ಈ ತೊಡಕು ಕಂಡು ಕಡತವನ್ನು ಮೇಲಕ್ಕೆ ಕಳಿಸಿದ್ದರೆ ಒಂದೆರಡು ವಾರವಾದರೂ ತಡವಾಗುತ್ತಿತ್ತೇನೋ. ಕಡತಗಳಲ್ಲಿ ಕಾಣುವುದು ತೊಡಕು ಬಿಡಿಸುವ ಉತ್ಸಾಹ.

ಜರ್ಮನಿಯ ಹೊರಗೆ ಸ್ಥಳೀಯ ಸರ್ಕಾರದ ಕೈ ಎಷ್ಟು ಮುಖ್ಯವಾಗಿತ್ತು ಎನ್ನುವುದಕ್ಕೆ ಹಂಗೇರಿ ಸಾಕು. 1944ರ ಮೇ 15ರಿಂದ ಜುಲೈ 9ರವರೆಗೆ ಸುಮಾರು 4,37,000 ಜನರನ್ನು ಸಾಗಿಸಿದರು, ಬಹುತೇಕ ಎಲ್ಲರನ್ನೂ ಆಶ್‌ವಿಟ್ಜ್‌ಗೆ. ಐಖ್‌ಮನ್‌ನ ತಂಡದಲ್ಲಿ ಡ್ರೈವರುಗಳು ಅಡಿಗೆಯವರು ಸೇರಿ ಇನ್ನೂರರೊಳಗೆ ಜನ. ಮನೆಮನೆಯಿಂದ ಎಳೆದು ತಂದು ಡಬ್ಬಿಗೆ ತುಂಬಿದ್ದು ಹಂಗೇರಿಯ ಸುಮಾರು 20,000 ಜೆಂಡಾರ್ಮ್ ಪೊಲೀಸರು. ದೇಶದ ಮುಖ್ಯಸ್ಥ ಹೋರ್ತಿ ಜುಲೈ ಮೊದಲ ವಾರದಲ್ಲಿ ನಿಲ್ಲಿಸಿ ಎಂದಾಗ ರೈಲುಗಳು ನಿಂತವು. ಅಂದರೆ ನಿಲ್ಲಿಸಲು ಸಾಧ್ಯವಿತ್ತು.

ಅಷ್ಟಾದರೂ ಐಖ್‌ಮನ್ ಸುಮ್ಮನಿರಲಿಲ್ಲ. ಕಿಶ್ತಾರ್ಚಾ ಬಂಧನ ಶಿಬಿರದಿಂದ ಹೊರಟ ಒಂದು ರೈಲನ್ನು ಹೋರ್ತಿ ಅರ್ಧದಾರಿಯಿಂದ ವಾಪಸು ಕರೆಸಿದ. ಜುಲೈ 19ರಂದು ಐಖ್‌ಮನ್ ಬುಡಾಪೆಸ್ಟಿನ ಯಹೂದಿ ಮಂಡಳಿಯವರನ್ನು ಮಾತುಕತೆಗೆಂದು ಕರೆಸಿ ದಿನವಿಡೀ ಕಚೇರಿಯಲ್ಲೇ ಕೂಡಿಸಿಕೊಂಡ, ಅವರು ಹೋರ್ತಿಗೆ ಸುದ್ದಿ ಮುಟ್ಟಿಸದಂತೆ. ಅದೇ ಹೊತ್ತಿನಲ್ಲಿ ಅವನ ಜನ ಶಿಬಿರಕ್ಕೆ ನುಗ್ಗಿ ಅದೇ ಬಂದಿಗಳನ್ನು ರೈಲಿಗೆ ಹತ್ತಿಸಿದರು. ಹದಿನೇಳು ವರ್ಷಗಳ ನಂತರ ಇವನೇ ಕಟಕಟೆಯಲ್ಲಿ ನಿಂತು, ನಾನು ಆಜ್ಞೆ ಪಾಲಿಸಿದ ಸಣ್ಣ ನೌಕರ ಎಂದ. ಜೆರುಸಲೆಮ್ಮಿನ ನ್ಯಾಯಾಧೀಶರು ತಿರುಗಿಸಿ ಕೊಟ್ಟ ಉತ್ತರ ನನ್ನ ಇಡೀ ಮಾತಿನ ತಿರುಳು: ಇಂಥ ಅಪರಾಧದಲ್ಲಿ ಕೊಲ್ಲುವ ಆಯುಧವನ್ನು ಕೈಯಲ್ಲಿ ಹಿಡಿದವನಿಂದ ಮೇಲಕ್ಕೆ, ದೂರಕ್ಕೆ ಹೋದಷ್ಟೂ ಹೊಣೆ ಹೆಚ್ಚುತ್ತದೆ.

ಪಶ್ಚಿಮ ಜರ್ಮನಿಯ ನ್ಯಾಯಾಲಯಗಳು ಬಹುಕಾಲ ಇದಕ್ಕೆ ತದ್ವಿರುದ್ಧ ನಡೆದವು. ನಿಜವಾದ ಅಪರಾಧಿಗಳು ಹಿಟ್ಲರ್, ಹಿಮ್ಲರ್, ಹೈಡ್ರಿಖ್, ಮೂವರೂ ಸತ್ತಿದ್ದಾರೆ. ಉಳಿದವರು ಬರೀ ಸಹಾಯಕರು ಎಂಬ ಧೋರಣೆ. ಆಶ್‌ವಿಟ್ಜ್ ಸಿಬ್ಬಂದಿಯನ್ನು 1963ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಕಟಕಟೆಗೆ ತಂದ ಅಭಿಯೋಜಕ ಫ್ರಿಟ್ಸ್ ಬೌವರ್, ಶಿಬಿರದ ಯಂತ್ರ ನಡೆಸಲು ಕೈಜೋಡಿಸಿದ ಪ್ರತಿಯೊಬ್ಬನೂ ಅಲ್ಲಿ ನಡೆದ ಕೊಲೆಗಳಿಗೆ ಹೊಣೆ ಎಂದು ವಾದಿಸಿದರು. ಮೇಲಿನ ನ್ಯಾಯಾಲಯ ಒಪ್ಪಲಿಲ್ಲ. ಯಾವ ದಿನ, ಯಾರನ್ನು, ಹೇಗೆ ಎಂದು ಒಬ್ಬೊಬ್ಬನ ಮೇಲೂ ಬೇರೆ ಬೇರೆ ಸಾಬೀತು ಮಾಡಿ ಎಂದಿತು. ಸಾಕ್ಷಿ ಹೇಳಬೇಕಾದವರಲ್ಲಿ ಹೆಚ್ಚಿನವರು ಬದುಕಿ ಉಳಿಯದ ಶಿಬಿರ ಅದು. 1968ರ ಜುಲೈ 1ರಂದು ಬೌವರ್ ತೀರಿಕೊಂಡರು. ಅದೇ ಅಕ್ಟೋಬರ್ 1ರಂದು ಸಂಚಾರ ನಿಯಮದಂಥ ಸಣ್ಣ ಅಪರಾಧಗಳ ಕಾನೂನೊಂದು ಜಾರಿಗೆ ಬಂತು. ಅದರೊಳಗಿನ ಒಂದು ತಿದ್ದುಪಡಿಯಿಂದ, ಸ್ವಂತ ದ್ವೇಷ ಸಾಬೀತಾಗದ ಕೊಲೆ ಸಹಾಯಕರ ಮೇಲಿನ ಮೊಕದ್ದಮೆಗಳು ಕಾಲಮಿತಿ ಮೀರಿದವಾದವು. ಹೈಡ್ರಿಖ್ ಇಲಾಖೆಯ ಅಧಿಕಾರಿಗಳ ವಿರುದ್ಧ ಬರ್ಲಿನ್ನಿನಲ್ಲಿ ವರ್ಷಗಟ್ಟಲೆ ತಯಾರಾಗಿದ್ದ ದೊಡ್ಡ ಮೊಕದ್ದಮೆ ಮುಗ್ಗರಿಸಿತು. ಮೇಜಿನ ಹಿಂದಿನವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಸಿಗಲಿಲ್ಲ. ರೈಲ್ವೆಯ ಗಾನ್ಸೆನ್‌ಮ್ಯುಲರ್ 1973ರಲ್ಲಿ ಕಟಕಟೆಗೆ ಬಂದ, ಹೃದಯಾಘಾತವಾಗಿ ವಿಚಾರಣೆ ನಿಂತಿತು, ಆಮೇಲೆ 1996ರವರೆಗೆ ಬದುಕಿದ.

ಬೌವರ್ ವಾದ ಗೆದ್ದದ್ದು ಬಹಳ ತಡವಾಗಿ. 2011ರಲ್ಲಿ ಮ್ಯೂನಿಕ್ ನ್ಯಾಯಾಲಯ ಸೊಬಿಬೋರ್‌ನ ಕಾವಲುಗಾರ ಡೆಮ್ಯಾನ್ಯುಕ್‌ನನ್ನು ಅಲ್ಲಿ ಕೆಲಸ ಮಾಡಿದ್ದ ಆಧಾರದ ಮೇಲೇ ಶಿಕ್ಷಿಸಿತು. ಮೇಲ್ಮನವಿ ಮುಗಿಯುವ ಮೊದಲು ಅವನು ಸತ್ತ. ಆಶ್‌ವಿಟ್ಜ್‌ನಲ್ಲಿ ಸತ್ತವರ ಹಣ ಎಣಿಸುತ್ತಿದ್ದ ಆಸ್ಕರ್ ಗ್ರೋನಿಂಗ್‌ಗೆ 2015ರಲ್ಲಿ ಮೂರು ಲಕ್ಷ ಕೊಲೆಗಳಿಗೆ ಸಹಾಯ ಮಾಡಿದ ಅಪರಾಧಕ್ಕೆ ನಾಲ್ಕು ವರ್ಷ ಶಿಕ್ಷೆಯಾಯಿತು. 2016ರಲ್ಲಿ ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2024ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ ಸ್ಟುಟ್‌ಹೋಫ್ ಶಿಬಿರದ ಕಚೇರಿಯ ಟೈಪಿಸ್ಟ್ ಒಬ್ಬಳ ಶಿಕ್ಷೆಯನ್ನೂ ಖಾಯಂ ಮಾಡಿತು. ಕೆಲಸಕ್ಕೆ ಸೇರಿದಾಗ ಆಕೆಗೆ ಹದಿನೆಂಟು ವರ್ಷ, ತೀರ್ಪಿನ ಹೊತ್ತಿಗೆ ತೊಂಬತ್ತೊಂಬತ್ತು. ಆಕೆಯ ವಿಚಾರಣೆ ತಪ್ಪು ಎನ್ನುವವರ ಜೊತೆ ನಾನಿಲ್ಲ. 1968ರಲ್ಲಿ ಕೈತಪ್ಪಿದ ಆ ಇಲಾಖೆಯ ಅಧಿಕಾರಿಗಳನ್ನೂ ಇದೇ ಅಳತೆಯಲ್ಲಿ ಅಳೆದಿದ್ದರೆ, ಆಗ ಅವರಲ್ಲಿ ಹೆಚ್ಚಿನವರು ಶಿಕ್ಷೆ ಅನುಭವಿಸುವ ವಯಸ್ಸಿನಲ್ಲೇ ಇದ್ದರು.